ಗಂಟುಮೂಟೆ ಕಟ್ಟುತ್ತಿದ್ದ ರಾಜಧಾನಿ

ರಾಜಧಾನಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕೋಟೆ, ಹೆಬ್ಬಾಗಿಲು, ಅರಮನೆ. ಅರಸರು ಅಳಿದರೂ ಕಲ್ಲು ಉಳಿಯುತ್ತದೆ. ಆದರೆ ಅಡಿಪಾಯವೇ ಇಲ್ಲದ, ಬೇಕೆಂದಾಗ ಬಿಚ್ಚಿ ಗಂಟು ಕಟ್ಟಿ ಒಂಟೆಯ ಬೆನ್ನಿಗೂ ಎತ್ತಿನ ಗಾಡಿಗೂ ಹೇರಬಹುದಾದ ಊರೊಂದಿತ್ತು. ಅದು ಸುಮಾರು 140 ವರ್ಷ ಹುಲ್ಲುಗಾವಲಿನಿಂದ ಹುಲ್ಲುಗಾವಲಿಗೆ ಅಲೆದು, ಇಪ್ಪತ್ತೈದಕ್ಕೂ ಹೆಚ್ಚು ಬಾರಿ ಜಾಗ ಬದಲಿಸಿ, ಕೊನೆಗೊಮ್ಮೆ ನದಿಯೊಂದರ ಕಣಿವೆಯಲ್ಲಿ ನೆಲೆ ನಿಂತಿತು. ಮುಂದೆ ಒಂದು ದೇಶದ ರಾಜಧಾನಿಯೂ ಆಯಿತು. ಅದೇ ಮಂಗೋಲಿಯದ ಉಲಾನ್‌ಬಾತರ್.

ಜಗತ್ತಿನ ಸ್ವತಂತ್ರ ದೇಶಗಳಲ್ಲೆಲ್ಲ ಜನಸಾಂದ್ರತೆ ಅತಿ ಕಡಿಮೆ ಇರುವುದು ಮಂಗೋಲಿಯದಲ್ಲಿ. ಕಣ್ಣು ಹಾಯಿಸಿದಷ್ಟೂ ಬಯಲು. ಹೀಗಿದ್ದರೂ ಈ ದೇಶದ ಹೆಚ್ಚುಕಡಿಮೆ ಅರ್ಧದಷ್ಟು ಜನ ಈ ಒಂದೇ ಊರಿನಲ್ಲಿ ಒತ್ತೊತ್ತಾಗಿ ಬದುಕುತ್ತಿದ್ದಾರೆ. ಚಳಿಗಾಲದಲ್ಲಿ ಅವರೆಲ್ಲ ಉಸಿರಾಡುವುದು ಕಲ್ಲಿದ್ದಲಿನ ಹೊಗೆಯನ್ನು. ಅಲೆಮಾರಿಗಳ ನಾಡು ಹೀಗೇಕೆ ಒಂದು ಕಣಿವೆಯೊಳಗೆ ಬಂದು ತುಂಬಿಕೊಂಡಿತು? ಇದನ್ನು ತಿಳಿಯಲು ಆ ನೆಲದಿಂದಲೇ ಆರಂಭಿಸಬೇಕು.

ನೀಲಿ ಆಕಾಶದ ಕೆಳಗೆ

ಭೂಪಟ ತೆರೆದರೆ ಉತ್ತರಕ್ಕೆ ರಷ್ಯ, ಉಳಿದ ಮೂರು ದಿಕ್ಕಿಗೂ ಚೀನ. ಈ ಇಬ್ಬರು ದೊಡ್ಡ ನೆರೆಯವರ ನಡುವೆ 15 ಲಕ್ಷ 64 ಸಾವಿರ ಚದರ ಕಿ.ಮೀ. ವಿಸ್ತಾರದ ಮಂಗೋಲಿಯ ಇದೆ. ಎಂದರೆ ಭಾರತದ ಅರ್ಧಕ್ಕೆ ತುಸು ಕಡಿಮೆ. ಕಡಲ ತೀರವಿಲ್ಲದ ದೇಶಗಳಲ್ಲಿ ಕಜಕಸ್ತಾನವನ್ನು ಬಿಟ್ಟರೆ ಇದೇ ದೊಡ್ಡದು. ಜನಸಂಖ್ಯೆ ಮಾತ್ರ ಸುಮಾರು 35 ಲಕ್ಷ. ದನಕರು, ಕುರಿ, ಮೇಕೆ, ಕುದುರೆ, ಒಂಟೆಗಳನ್ನು ಲೆಕ್ಕ ಹಾಕಿದರೆ ಆರು ಕೋಟಿಯ ಆಸುಪಾಸು. ತಲೆಗೆ ಹದಿನೈದಕ್ಕೂ ಹೆಚ್ಚು ಪ್ರಾಣಿಗಳಾದವು!

ಇಡೀ ದೇಶವೇ ಒಂದು ಎತ್ತರದ ಪ್ರಸ್ಥಭೂಮಿ. ಸಮುದ್ರಮಟ್ಟದಿಂದ ಸರಾಸರಿ ಎತ್ತರ 1,580 ಮೀಟರ್. ಪಶ್ಚಿಮದಲ್ಲಿ ಹಿಮ ಹೊತ್ತ ಆಲ್ಟಾಯ್ ಪರ್ವತಗಳು. ಅಲ್ಲಿಯ ಖುಯ್‌ತೆನ್ ಶಿಖರ 4,374 ಮೀಟರ್ ಎತ್ತರವಿದೆ. ಉತ್ತರದಲ್ಲಿ ಕಾಡು, ಮತ್ತು 262 ಮೀಟರ್ ಆಳದ ಖುವ್ಸ್‌ಗುಲ್ ಸರೋವರ. ಇದರ ನೀರು ಸೆಲೆಂಗೆ ನದಿಯ ಮೂಲಕ ಹರಿದು ರಷ್ಯದ ಬೈಕಲ್ ಸರೋವರ ಸೇರುತ್ತದೆ. ದಕ್ಷಿಣದಲ್ಲಿ ಗೋಬಿ ಮರುಭೂಮಿ. ಮರುಭೂಮಿ ಎಂದಾಕ್ಷಣ ಮರಳ ದಿಬ್ಬಗಳನ್ನು ನೆನೆಯಬೇಕಾಗಿಲ್ಲ. ಗೋಬಿಯ ಬಹುಭಾಗ ನೊರಜುಗಲ್ಲು, ಬಂಡೆ, ಅಲ್ಲಲ್ಲಿ ಒಣ ಹುಲ್ಲು. ಎರಡು ಡುಬ್ಬದ ಒಂಟೆಗಳ ಸೀಮೆ ಅದು. 1923ರಲ್ಲಿ ಅಮೆರಿಕದ ರಾಯ್ ಚಾಪ್‌ಮನ್ ಆಂಡ್ರ್ಯೂಸ್ ಅವರ ತಂಡ ಡೈನೋಸಾರ್ ಮೊಟ್ಟೆಗಳನ್ನು ಕಂಡುಹಿಡಿದು ಜಗತ್ತನ್ನು ಬೆರಗುಗೊಳಿಸಿದ್ದೂ ಇಲ್ಲಿಯೇ. ಈ ಎಲ್ಲದರ ನಡುವೆ ಹಬ್ಬಿರುವುದು ಹುಲ್ಲುಗಾವಲು. ಮರವಿಲ್ಲ, ಬೇಲಿಯಿಲ್ಲ.

ಮಳೆ ಕಡಿಮೆ. ವರ್ಷದ ಬಹಳ ದಿನ ಮೋಡವಿಲ್ಲದ ನೀಲಿ ಆಕಾಶ. ಆ ಆಕಾಶವನ್ನೇ ಮಂಗೋಲರು ‘ತೆಂಗೆರ್’ ಎಂದು ಕರೆದು ಪೂಜಿಸುತ್ತ ಬಂದರು. ಇಂದಿಗೂ ಹಿರಿಯರಿಗೆ, ಅತಿಥಿಗಳಿಗೆ ಗೌರವದಿಂದ ಒಪ್ಪಿಸುವ ರೇಷ್ಮೆ ವಸ್ತ್ರದ ಬಣ್ಣ ಹೆಚ್ಚಾಗಿ ನೀಲಿಯೇ. ಕೃಷಿಗೆ ಈ ಹವೆ ಒಗ್ಗುವುದಿಲ್ಲ. ಉಳುಮೆಗೆ ಸಿಕ್ಕುವ ನೆಲ ನೂರಕ್ಕೆ ಒಂದು ಪಾಲಿನಷ್ಟು. ಹೀಗಾಗಿ ಬದುಕಬೇಕಾದರೆ ಹುಲ್ಲನ್ನು ಪ್ರಾಣಿಗಳಿಗೆ ತಿನ್ನಿಸಿ, ಆ ಪ್ರಾಣಿಗಳ ಹಾಲು, ಮಾಂಸ, ಉಣ್ಣೆಗಳಿಂದ ಬದುಕಬೇಕು. ಒಂದು ಕಡೆ ಹುಲ್ಲು ಮುಗಿದರೆ ಮತ್ತೊಂದು ಕಡೆಗೆ ಹೋಗಬೇಕು. ಅಲೆಮಾರಿತನ ಇಲ್ಲಿ ಚಪಲವಲ್ಲ, ಲೆಕ್ಕಾಚಾರ.

ಬೆಳ್ಳಿಯ ಮರವಿದ್ದ ಊರು

1206ರಲ್ಲಿ ಓನೊನ್ ನದಿಯ ಬಳಿ ಸೇರಿದ ಬುಡಕಟ್ಟುಗಳ ಮಹಾಸಭೆ ತೆಮುಜಿನ್ ಎಂಬ ಮುಖಂಡನನ್ನು ಚಂಗೀಸ್ ಖಾನ್ ಎಂದು ಸಾರಿತು. ಮುಂದಿನ ಕಥೆ ಶಾಲೆಯ ಪುಸ್ತಕಗಳಲ್ಲಿ ಇದ್ದದ್ದೇ. 1227ರಲ್ಲಿ ಅವನು ಸತ್ತ ಮೇಲೂ ಮಕ್ಕಳು ಮೊಮ್ಮಕ್ಕಳು ದಂಡಯಾತ್ರೆ ನಿಲ್ಲಿಸಲಿಲ್ಲ. 1258ರಲ್ಲಿ ಬಾಗ್ದಾದ್ ಬಿತ್ತು. ದೆಹಲಿಯ ಬಾಗಿಲಿಗೂ ಮಂಗೋಲರು ಬಂದಿದ್ದರು. ಅಲ್ಲಾಉದ್ದೀನ್ ಖಿಲ್ಜಿ ಅವರನ್ನು ಹಿಮ್ಮೆಟ್ಟಿಸಿದ. ತಾಯಿಯ ಕಡೆಯಿಂದ ಚಂಗೀಸನ ವಂಶಕ್ಕೆ ಸೇರಿದ ಬಾಬರ್ ಶತಮಾನಗಳ ನಂತರ ಬಂದು ಸಾಮ್ರಾಜ್ಯ ಕಟ್ಟಿದ್ದು, ಅದಕ್ಕೆ ‘ಮೊಘಲ್’ ಎಂಬ ಹೆಸರು ಅಂಟಿಕೊಂಡದ್ದು ಬೇರೆಯೇ ಕಥೆ.

ಇಷ್ಟು ದೊಡ್ಡ ಸಾಮ್ರಾಜ್ಯಕ್ಕೆ ಒಂದು ರಾಜಧಾನಿ ಬೇಡವೇ? ಓರ್ಖೋನ್ ಕಣಿವೆಯ ಕಾರಾಕೋರಂಗೆ 1235ರಲ್ಲಿ ಚಂಗೀಸನ ಮಗ ಒಗೆದೆಯಿ ಗೋಡೆ ಕಟ್ಟಿಸಿದ. 1254ರಲ್ಲಿ ಅಲ್ಲಿಗೆ ಬಂದ ವಿಲಿಯಂ ಆಫ್ ರೂಬ್ರುಕ್ ಎಂಬ ಕ್ರೈಸ್ತ ಸಂನ್ಯಾಸಿ ಬರೆದಿಟ್ಟ ವಿವರ ಓದಲು ಸೊಗಸಾಗಿದೆ. ಊರಿನಲ್ಲಿ ಹನ್ನೆರಡು ದೇವಾಲಯಗಳು, ಎರಡು ಮಸೀದಿ, ಒಂದು ಚರ್ಚು. ಅರಮನೆಯ ಮುಂದೆ ಪ್ಯಾರಿಸಿನ ಅಕ್ಕಸಾಲಿಗನೊಬ್ಬ ಮಾಡಿದ ಬೆಳ್ಳಿಯ ಮರ. ಅದರ ಕೊಳವೆಗಳಿಂದ ನಾಲ್ಕು ಬಗೆಯ ಪಾನೀಯಗಳು ಸುರಿಯುತ್ತಿದ್ದವಂತೆ. ಇಷ್ಟೆಲ್ಲ ಹೊಗಳಿದ ಮೇಲೆ ಅದೇ ಸಂನ್ಯಾಸಿ, ಖಾನನ ಅರಮನೆಯನ್ನು ಬಿಟ್ಟರೆ ಈ ಊರು ಪ್ಯಾರಿಸ್ ಪಕ್ಕದ ಸೇಂಟ್ ಡೆನಿಸ್ ಹಳ್ಳಿಗೂ ಸಮನಲ್ಲ ಎಂದು ಷರಾ ಬರೆದಿದ್ದಾನೆ. ಅದು ನಿಜವೂ ಇರಬೇಕು. ಕುದುರೆಯ ಮೇಲೆ ಜೀವ ಸವೆಸುವ ಜನರಿಗೆ ಗೋಡೆಯೊಳಗಿನ ಊರು ಸಾಮಾನು ಇಡುವ ಉಗ್ರಾಣವಾಗಿತ್ತೇ ಹೊರತು ಮನೆಯಾಗಿರಲಿಲ್ಲ.

ಕುಬ್ಲಾಯಿ ಖಾನ್ ರಾಜಧಾನಿಯನ್ನು ಇಂದಿನ ಬೀಜಿಂಗ್‌ಗೆ ಒಯ್ದ. ಚೀನದಲ್ಲಿ ಮಂಗೋಲರ ಆಳ್ವಿಕೆ 1368ರಲ್ಲಿ ಕೊನೆಗೊಂಡಿತು. 1388ರಲ್ಲಿ ಮಿಂಗ್ ಸೈನ್ಯ ಕಾರಾಕೋರಂ ಅನ್ನು ಹಾಳುಗೆಡವಿತು. ಎರಡು ಶತಮಾನದ ನಂತರ ಅಲ್ಲಿಯ ಕಲ್ಲುಗಳನ್ನೇ ಆಯ್ದು ಎರ್ದೆನೆ ಜೂ ಎಂಬ ಬೌದ್ಧ ಮಠ ಕಟ್ಟಿದರು. ಅದರ ಸುತ್ತಲಿನ ಗೋಡೆಯ ಮೇಲೆ 108 ಸ್ತೂಪಗಳಿವೆ. ಹೆಸರಿನಲ್ಲಿರುವ ‘ಎರ್ದೆನೆ’ ಮೂಲದಲ್ಲಿ ನಮ್ಮ ‘ರತ್ನ’ವೇ.

ಜ್ಞಾನವಜ್ರ ಮತ್ತು ಸ್ವಯಂಭು

ಮಂಗೋಲರಿಗೂ ಟಿಬೆಟಿನ ಬೌದ್ಧ ಧರ್ಮಕ್ಕೂ ಇರುವ ನಂಟು ಹಳೆಯದು. 1578ರಲ್ಲಿ ಆಲ್ತಾನ್ ಖಾನ್ ಎಂಬ ಮಂಗೋಲ ದೊರೆ ಟಿಬೆಟಿನ ಗುರು ಸೋನಂ ಗ್ಯಾತ್ಸೊ ಅವರಿಗೆ ಒಂದು ಬಿರುದು ಕೊಟ್ಟ. ಅದೇ ‘ದಲೈ ಲಾಮಾ’. ದಲೈ ಎಂಬುದು ಮಂಗೋಲಿಯನ್ ಮಾತು, ಸಾಗರ ಎಂದರ್ಥ. ಕಡಲನ್ನೇ ಕಾಣದ ನಾಡು ಕೊಟ್ಟ ಬಿರುದು ಇದು!

1639ರಲ್ಲಿ ಖಾಲ್ಖಾ ಮಂಗೋಲರ ಸರದಾರರು ಸೇರಿ, ಚಂಗೀಸನ ವಂಶದ ನಾಲ್ಕು ವರ್ಷದ ಬಾಲಕನೊಬ್ಬನನ್ನು ತಮ್ಮ ಧರ್ಮಗುರುವಾಗಿ ಆರಿಸಿದರು. ಅವನಿಗೆಂದು ಒಪ್ಪಿಸಿದ ಡೇರೆಯ ಅರಮನೆಗೆ ‘ಓರ್ಗೋ’ ಎಂದು ಹೆಸರು. ಇಂದಿನ ಉಲಾನ್‌ಬಾತರ್ ತನ್ನ ಹುಟ್ಟಿದ ದಿನವನ್ನು ಎಣಿಸುವುದು ಈ ಡೇರೆಯಿಂದ. ಬಾಲಕ ಬೆಳೆದು ಜಾನಬಾಜಾರ್ ಎಂದು ಪ್ರಸಿದ್ಧನಾದ. ಕೇಳಲು ಯಾವುದೋ ಸಂತೆಪೇಟೆಯ ಹೆಸರಿನಂತಿದ್ದರೂ ಇದು ಸಂಸ್ಕೃತದ ‘ಜ್ಞಾನವಜ್ರ’ ಮಂಗೋಲರ ನಾಲಿಗೆಯಲ್ಲಿ ತಾಳಿದ ರೂಪ. ಅವನು ಗುರು ಮಾತ್ರವಲ್ಲ, ಏಷ್ಯದ ದೊಡ್ಡ ಶಿಲ್ಪಿಗಳಲ್ಲಿ ಒಬ್ಬ. ಅವನು ಎರಕ ಹೊಯ್ದ ತಾರಾ ವಿಗ್ರಹಗಳ ಮುಖದ ಸೌಮ್ಯತೆ ನೋಡಿದವರು ಮರೆಯುವುದಿಲ್ಲ ಎನ್ನುತ್ತಾರೆ. 1686ರಲ್ಲಿ ಅವನು ಒಂದು ಲಿಪಿಯನ್ನೂ ರೂಪಿಸಿದ. ಹೆಸರು ‘ಸೊಯೊಂಬೊ’. ಅದೂ ನಮ್ಮ ‘ಸ್ವಯಂಭು’ವೇ. ಆ ಲಿಪಿಯ ಮೊದಲ ಚಿಹ್ನೆ ಇಂದಿಗೂ ಮಂಗೋಲಿಯದ ರಾಷ್ಟ್ರಧ್ವಜದ ಮೇಲಿದೆ.

ಇಂಥ ಪದಗಳು ಇನ್ನೂ ಉಂಟು. ವಾರದ ದಿನಗಳ ಹಳೆಯ ಹೆಸರುಗಳನ್ನು ಕೇಳಿ: ಆದಿಯಾ, ಸುಮಿಯಾ, ಅಂಗಾರಗ್, ಬುದ್, ಬರ್ಹಸ್‌ಬದಿ, ಸುಗರ್, ಸಂಚಿರ್. ಆದಿತ್ಯ, ಸೋಮ, ಅಂಗಾರಕ, ಬುಧ, ಬೃಹಸ್ಪತಿ, ಶುಕ್ರ, ಶನೈಶ್ಚರರನ್ನು ಗುರುತಿಸಲು ಪಂಡಿತರೇನೂ ಬೇಕಾಗಿಲ್ಲ. ದಿನಬಳಕೆಯಲ್ಲಿ ಈಗ ‘ಮೊದಲನೇ ದಿನ, ಎರಡನೇ ದಿನ’ ಎಂಬ ಲೆಕ್ಕವೇ ಹೆಚ್ಚು. ಆದರೆ ಗ್ರಹಗಳಿಗೆ ಇವೇ ಹೆಸರುಗಳು ಉಳಿದಿವೆ.

ಗುರುವಿನ ಡೇರೆಯ ಸುತ್ತ ಲಾಮಾಗಳ ಡೇರೆಗಳು, ಅವರ ಸುತ್ತ ಭಕ್ತರು, ವ್ಯಾಪಾರಿಗಳು. ಊರೇ ಆಯಿತು. ಮೇವು, ನೀರು, ಸೌದೆ ತೀರಿದಾಗ ಇಡೀ ಊರು ಎದ್ದು ಹೊರಡುತ್ತಿತ್ತು. ದೇವರು, ಗ್ರಂಥ, ಗಂಟೆ, ಪಾತ್ರೆ ಎಲ್ಲವೂ ಜೊತೆಗೆ. ಆದರೆ ಊರು ದೊಡ್ಡದಾದಂತೆ ಹೊರಡುವುದು ಕಷ್ಟವಾಯಿತು. ರಷ್ಯಕ್ಕೂ ಚೀನಕ್ಕೂ ನಡುವಿನ ಚಹಾ ವ್ಯಾಪಾರದ ದಾರಿಯೂ ಹತ್ತಿರವೇ ಹಾಯುತ್ತಿತ್ತು. ಇಟ್ಟಿಗೆಯಂತೆ ಒತ್ತಿದ ಚಹಾ ಅಲ್ಲಿ ನಾಣ್ಯದ ಹಾಗೆ ಚಲಾವಣೆಯಾಗುತ್ತಿತ್ತು. ವ್ಯಾಪಾರಿಗೆ ಅಂಗಡಿ ಒಂದೇ ಕಡೆ ಇರಬೇಕು. 1778ರಲ್ಲಿ ಅಲೆಮಾರಿ ಮಠ ತೂಲ್ ನದಿಯ ಕಣಿವೆಯಲ್ಲಿ, ಬೊಗ್ದ್ ಖಾನ್ ಬೆಟ್ಟದ ಉತ್ತರಕ್ಕೆ ಡೇರೆ ಹಾಕಿತು. ಮತ್ತೆ ಏಳಲಿಲ್ಲ.

ಕೆಂಪು ವೀರನ ಊರು

ಅಷ್ಟು ಹೊತ್ತಿಗೆ ಮಂಗೋಲರು ಚೀನದ ಮಂಚು ದೊರೆಗಳ ಅಧೀನರಾಗಿದ್ದರು. 1911ರಲ್ಲಿ ಮಂಚು ಆಳ್ವಿಕೆ ಕುಸಿದಾಗ ಮಂಗೋಲಿಯ ಸ್ವಾತಂತ್ರ್ಯ ಸಾರಿ, ಜಾನಬಾಜಾರನ ಪರಂಪರೆಯ ಎಂಟನೆಯ ಗುರುವನ್ನೇ ದೊರೆಯಾಗಿ ಕೂಡಿಸಿತು. ಹತ್ತು ವರ್ಷ ಅಶಾಂತಿ. 1919ರಲ್ಲಿ ಚೀನದ ಸೈನ್ಯ ಬಂತು. 1921ರ ಆರಂಭದಲ್ಲಿ ಬ್ಯಾರನ್ ಉಂಗೆರ್ನ್ ಎಂಬ ರಷ್ಯದ ಅರೆಹುಚ್ಚ ಸೇನಾನಿ ಬಂದ. ಅದೇ ಜುಲೈನಲ್ಲಿ ಸೋವಿಯತ್ ಕೆಂಪು ಸೇನೆಯ ನೆರವಿನಿಂದ ಸುಖ್‌ಬಾತರ್ ಮತ್ತವರ ಸಂಗಾತಿಗಳು ಊರನ್ನು ಹಿಡಿದರು. 1924ರಲ್ಲಿ ಗುರು ತೀರಿಕೊಂಡ ಮೇಲೆ ಮಂಗೋಲಿಯ ಕಮ್ಯುನಿಸ್ಟ್ ಗಣರಾಜ್ಯವಾಯಿತು. ರಾಜಧಾನಿಗೆ ‘ಉಲಾನ್‌ಬಾತರ್’ ಎಂದು ಹೆಸರಿಟ್ಟರು. ಎಂದರೆ ಕೆಂಪು ವೀರ. ಮಠವಾಗಿ ಹುಟ್ಟಿದ ಊರಿಗೆ ಈ ಹೆಸರು!

ಚೀನದ ಅಧೀನದಲ್ಲೇ ಉಳಿದ ಒಳ ಮಂಗೋಲಿಯ ಮಾತ್ರ ಮರಳಿ ಬರಲಿಲ್ಲ. ಸ್ವತಂತ್ರ ಮಂಗೋಲಿಯದಲ್ಲಿ ಇರುವುದಕ್ಕಿಂತ ಹೆಚ್ಚು ಮಂಗೋಲರು ಇಂದು ಚೀನದಲ್ಲಿದ್ದಾರೆ.

1937ರಿಂದ 39ರವರೆಗಿನ ಕಾಲವನ್ನು ನೆನೆಯಲು ಈಗಲೂ ಅಲ್ಲಿಯ ವೃದ್ಧರು ಅಂಜುತ್ತಾರೆ ಎಂದರೆ ಆಶ್ಚರ್ಯವಿಲ್ಲ. ಸ್ಟಾಲಿನ್‌ನ ಒತ್ತಾಯ, ಚೋಯ್‌ಬಲ್ಸನ್‌ನ ಕೈ. ಏಳುನೂರರಷ್ಟು ಮಠಗಳು ನೆಲಸಮವಾದವು. ಕೊಲೆಯಾದವರು ಕನಿಷ್ಠ 20 ಸಾವಿರ. ಅವರಲ್ಲಿ ಬಹುಪಾಲು ಲಾಮಾಗಳು. ಮಠಗಳನ್ನು ನಾಶ ಮಾಡಲು ಒಪ್ಪದ ಪ್ರಧಾನಿ ಗೆಂದೆನ್‌ನನ್ನು ಮಾಸ್ಕೋಗೆ ಕರೆಸಿ ಕೊಂದರು. ಜನಸಂಖ್ಯೆಯೇ ಏಳೆಂಟು ಲಕ್ಷವಿದ್ದ ದೇಶದಲ್ಲಿ ಈ ಸಂಖ್ಯೆಯ ಭಾರ ಎಷ್ಟೆಂದು ಊಹಿಸಬಹುದು. ಉಲಾನ್‌ಬಾತರ್‌ನ ಗಂದನ್ ಮಠದಲ್ಲಿದ್ದ ಅವಲೋಕಿತೇಶ್ವರನ ಬೃಹತ್ ವಿಗ್ರಹವನ್ನು ಕಳಚಿ ಸೋವಿಯತ್ ದೇಶಕ್ಕೆ ಸಾಗಿಸಿದರು. ಅದು ಹಿಂತಿರುಗಲಿಲ್ಲ. ಮೇಲಿಂದ ಕೆಳಕ್ಕೆ ಬರೆಯುವ ಮಂಗೋಲಿಯನ್ ಲಿಪಿಯೂ ಹೋಗಿ 1940ರ ದಶಕದಲ್ಲಿ ರಷ್ಯನ್ ಅಕ್ಷರಗಳು ಬಂದವು. ಚಂಗೀಸನ ಹೆಸರೆತ್ತುವುದೇ ತಪ್ಪಾಯಿತು. 1962ರಲ್ಲಿ ಅವನ 800ನೇ ಜನ್ಮವರ್ಷ ಆಚರಿಸಲು ಮುಂದಾದ ಪಕ್ಷದ ನಾಯಕರೊಬ್ಬರು ಪದವಿ ಕಳೆದುಕೊಂಡರು.

ಕುಲನಾಮಗಳನ್ನೂ 1920ರ ದಶಕದಲ್ಲೇ ರದ್ದು ಮಾಡಲಾಗಿತ್ತು. ಅಂದಿನಿಂದ ಮಂಗೋಲರು ನಮ್ಮಲ್ಲಿ ಹಲವರು ಮಾಡುವಂತೆ ತಂದೆಯ ಹೆಸರಿನ ಮೊದಲಕ್ಷರವನ್ನು ಇನಿಷಿಯಲ್ಲಾಗಿ ಬಳಸುತ್ತಾರೆ. ಕಮ್ಯುನಿಸ್ಟ್ ಆಳ್ವಿಕೆ ಮುಗಿದ ಮೇಲೆ ಎಲ್ಲರೂ ಕುಲನಾಮ ಹುಡುಕಿಕೊಳ್ಳಿ ಎಂದು ಸರಕಾರ ಹೇಳಿದಾಗ ಎಷ್ಟೋ ಜನಕ್ಕೆ ತಮ್ಮದು ಮರೆತೇ ಹೋಗಿತ್ತು. ಬಹಳ ಮಂದಿ ಚಂಗೀಸನ ಕುಲವಾದ ‘ಬೊರ್ಜಿಗಿನ್’ ಹೆಸರನ್ನೇ ಇಟ್ಟುಕೊಂಡರು. 1981ರಲ್ಲಿ ಬಾಹ್ಯಾಕಾಶಕ್ಕೆ ಹೋಗಿಬಂದ ಗುರ್ರಗ್ಚಾ ಮಾತ್ರ ‘ಸಂಸಾರ್’ ಎಂಬ ಕುಲನಾಮ ಆರಿಸಿಕೊಂಡರು. ಮಂಗೋಲಿಯನ್‌ನಲ್ಲಿ ಸಂಸಾರ್ ಎಂದರೆ ಬಾಹ್ಯಾಕಾಶ. ಅದೂ ಸಂಸ್ಕೃತದಿಂದ ಹೋದ ಪದವೇ. ನಮ್ಮಲ್ಲಿ ಮನೆವಾರ್ತೆಗೆ ಇಳಿದ ಶಬ್ದ ಅಲ್ಲಿ ನಕ್ಷತ್ರಲೋಕಕ್ಕೆ ಏರಿದೆ.

ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಇದೇ ಆಳ್ವಿಕೆ ಶಾಲೆ, ಆಸ್ಪತ್ರೆ, ರೈಲು ತಂದಿತು. ಹುಲ್ಲುಗಾವಲಿನ ಮಕ್ಕಳು ಓದು ಕಲಿತರು. ರಾಜಧಾನಿಯಲ್ಲಿ ಅಗಲ ರಸ್ತೆಗಳು, ಸೋವಿಯತ್ ಮಾದರಿಯ ವಸತಿ ಕಟ್ಟಡಗಳು ಎದ್ದವು. ಊರ ನಡುವಿನ ನಾಟಕಶಾಲೆಯೇ ಮೊದಲಾಗಿ ಕೆಲವು ಕಟ್ಟಡಗಳನ್ನು ಕಟ್ಟಿದವರು ಎರಡನೇ ಮಹಾಯುದ್ಧದಲ್ಲಿ ಸೆರೆಯಾದ ಜಪಾನಿ ಸೈನಿಕರು.

1989ರ ಡಿಸೆಂಬರ್ ಚಳಿಯಲ್ಲಿ ಯುವಕರು ಬೀದಿಗಿಳಿದರು. 1990ರ ಮಾರ್ಚ್‌ನಲ್ಲಿ ಸುಖ್‌ಬಾತರ್ ಚೌಕದಲ್ಲಿ ಉಪವಾಸ ಕೂತರು. ಒಂದೂ ಗುಂಡು ಹಾರದೆ ಪಕ್ಷದ ನಾಯಕತ್ವ ರಾಜೀನಾಮೆ ಕೊಟ್ಟಿತು. ಜುಲೈನಲ್ಲಿ ಚುನಾವಣೆ ನಡೆಯಿತು, 1992ರಲ್ಲಿ ಹೊಸ ಸಂವಿಧಾನ ಬಂತು. ಮಠಗಳ ಬಾಗಿಲು ತೆರೆದವು. 1996ರಲ್ಲಿ ಗಂದನ್ ಮಠದಲ್ಲಿ 26 ಮೀಟರ್‌ಗೂ ಎತ್ತರದ ಹೊಸ ಅವಲೋಕಿತೇಶ್ವರ ಎದ್ದು ನಿಂತ. ಆ ಹೊತ್ತಿನಲ್ಲಿ ಭಾರತದ ರಾಯಭಾರಿಯಾಗಿದ್ದವರು ಲಡಾಖ್‌ನ ಬೌದ್ಧ ಗುರು ಕುಶೋಕ್ ಬಕುಲ ರಿಂಪೋಚೆ. 1990ರಿಂದ 2000ದವರೆಗೆ ಅಲ್ಲಿದ್ದ ಅವರು ಕಡತಗಳಿಗಿಂತ ಹೆಚ್ಚಾಗಿ ದೀಕ್ಷೆ, ಪ್ರವಚನಗಳಿಂದ ನೆನಪಾಗಿ ಉಳಿದಿದ್ದಾರೆ. ಹುಬ್ಬಳ್ಳಿ-ಶಿರಸಿ ಕಡೆ ಓಡಾಡುವವರು ಮುಂಡಗೋಡದಲ್ಲಿ ಕಡುಗೆಂಪು ನಿಲುವಂಗಿಯ ಭಿಕ್ಷುಗಳನ್ನು ನೋಡಿಯೇ ಇರುತ್ತಾರೆ. ಎಲ್ಲರೂ ಟಿಬೆಟಿನವರೆಂದು ತಿಳಿಯುವುದು ಸಹಜ. ಆದರೆ ಅಲ್ಲಿಯ ದ್ರೆಪುಂಗ್ ಗೋಮಾಂಗ್ ಮಠದಲ್ಲಿ ಮಂಗೋಲಿಯದಿಂದ ಬಂದು ಶಾಸ್ತ್ರ ಓದುವ ಹುಡುಗರೂ ಇದ್ದಾರೆ. ತಮ್ಮ ದೇಶದಲ್ಲಿ ಕಡಿದುಹೋದ ವಿದ್ಯೆಯ ಎಳೆಯನ್ನು ಅವರು ಉತ್ತರ ಕನ್ನಡ ಜಿಲ್ಲೆಯ ಬಿಸಿಲಿನಲ್ಲಿ ಕೂತು ಮತ್ತೆ ಹೊಸೆಯುತ್ತಿದ್ದಾರೆ.

ಹೊಸ್ತಿಲು ತುಳಿಯಬೇಡಿ

ಮಂಗೋಲರ ಮನೆಗೆ ‘ಗೆರ್’ ಎನ್ನುತ್ತಾರೆ. ಮರದ ಪಟ್ಟಿಗಳ ಮಡಚುವ ಜಾಲರಿ ಗೋಡೆ, ನೆತ್ತಿಯ ಬಳೆಯಂಥ ಚೌಕಟ್ಟಿಗೆ ಸಿಕ್ಕಿಸಿದ ಗಳುಗಳು, ಮೇಲೆ ಉಣ್ಣೆಯನ್ನು ಒತ್ತಿ ಮಾಡಿದ ದಪ್ಪ ಹೊದಿಕೆ. ಒಂದೆರಡು ಗಂಟೆಯಲ್ಲಿ ಬಿಚ್ಚಬಹುದು, ಕಟ್ಟಬಹುದು. ಬಾಗಿಲು ಯಾವಾಗಲೂ ದಕ್ಷಿಣಕ್ಕೆ. ನಡುವೆ ಒಲೆ. ಬಾಗಿಲಿಗೆ ಎದುರಾದ ಉತ್ತರದ ಜಾಗ ದೇವರಿಗೆ ಮತ್ತು ಹಿರಿಯರಿಗೆ. ಪಶ್ಚಿಮ ಗಂಡಸರದು, ಪೂರ್ವ ಹೆಂಗಸರದು. ಒಳಗೆ ಹೋಗುವಾಗ ಹೊಸ್ತಿಲು ತುಳಿಯುವಂತಿಲ್ಲ. ನಮ್ಮ ಅಜ್ಜಿಯರು ಕೇಳಿದರೆ ಮೆಚ್ಚುವ ಮಾತು. ಬಂದವರು ಬಾಗಿಲು ತಟ್ಟುವುದಿಲ್ಲ. ದೂರದಿಂದಲೇ “ನಾಯಿ ಹಿಡಿಯಿರಿ” ಎಂದು ಕೂಗುತ್ತಾರೆ. ಯಾರೇ ಆಗಲಿ, ಒಳಗೆ ಬಂದವರಿಗೆ ಉಪ್ಪು ಹಾಕಿದ ಹಾಲಿನ ಚಹಾ ಸಿಕ್ಕೇ ಸಿಕ್ಕುತ್ತದೆ. ಮುಂದಿನ ಡೇರೆ ಎಷ್ಟು ದೂರದಲ್ಲಿದೆಯೋ ತಿಳಿಯದ ನಾಡಿನಲ್ಲಿ ಆತಿಥ್ಯವೆಂದರೆ ಜೀವ ಉಳಿಸುವ ಕಟ್ಟಳೆ.

ಬೇಸಗೆಯಲ್ಲಿ ಹಾಲಿನದೇ ಊಟ: ಹೆಪ್ಪು ಹಾಕಿ ಒಣಗಿಸಿದ ಗಟ್ಟಿ ಮೊಸರಿನ ತುಂಡುಗಳು, ಹುಳಿ ಬರಿಸಿದ ಕುದುರೆಯ ಹಾಲು. ಚಳಿಗಾಲಕ್ಕೆ ಮಾಂಸ. ಹೊಸ ವರ್ಷದ ಹಬ್ಬಕ್ಕೆ ಮನೆಮನೆಯಲ್ಲೂ ಕುರಿಮಾಂಸ ತುಂಬಿದ ಕಡುಬುಗಳನ್ನು ನೂರುಗಟ್ಟಲೆ ಹಬೆಯಲ್ಲಿ ಬೇಯಿಸುತ್ತಾರೆ. ಜುಲೈ 11ರಿಂದ ‘ನಾದಮ್’ ಉತ್ಸವ. ಕುಸ್ತಿ, ಬಿಲ್ಲುಗಾರಿಕೆ, ಕುದುರೆ ಓಟ. ಓಟವೆಂದರೆ ಮೈದಾನದ ಸುತ್ತ ಅಲ್ಲ, ಬಯಲಿನಲ್ಲಿ ಇಪ್ಪತ್ತು ಮೂವತ್ತು ಕಿ.ಮೀ.ವರೆಗೆ; ಸವಾರರು ಸಣ್ಣ ಮಕ್ಕಳು. ಗೆದ್ದ ಪೈಲ್ವಾನರಿಗೆ ಗಿಡುಗ, ಆನೆ, ಸಿಂಹ ಎಂಬ ಬಿರುದುಗಳು. ಆನೆಯನ್ನೂ ಸಿಂಹವನ್ನೂ ಆ ಹುಲ್ಲುಗಾವಲು ಕಂಡಿಲ್ಲ. ಬೌದ್ಧ ಕಥೆಗಳ ಜೊತೆ ಅವು ಅಲ್ಲಿಗೆ ನಡೆದು ಹೋಗಿರಬೇಕು.

ಝುಡ್ ಎಂಬ ಯಮ

ಈ ಬದುಕನ್ನು ಬುಡಮೇಲು ಮಾಡುವುದು ‘ಝುಡ್’. ಬೇಸಗೆಯಲ್ಲಿ ಮಳೆ ಕೈಕೊಟ್ಟು ಪ್ರಾಣಿಗಳು ಮೈ ತುಂಬಿಕೊಳ್ಳದೆ, ಅದರ ಬೆನ್ನಿಗೇ ಕಡು ಚಳಿಗಾಲ ಬಂದರೆ ಅದೇ ಝುಡ್. ಹುಲ್ಲನ್ನು ಮುಚ್ಚುವಷ್ಟು ಹಿಮ ಬಿದ್ದರೆ ಬಿಳಿ ಝುಡ್. ಹಿಮವೇ ಬೀಳದೆ ನೀರಿಗೆ ತತ್ವಾರವಾದರೆ ಕಪ್ಪು ಝುಡ್. ಹಿಮ ಒಮ್ಮೆ ಕರಗಿ ಮತ್ತೆ ಗಾಜಿನಂತೆ ಗಟ್ಟಿಯಾದರೆ ಕಬ್ಬಿಣದ ಝುಡ್. ಗೊರಸಿನಿಂದ ಎಷ್ಟು ಕೆರೆದರೂ ಹುಲ್ಲು ಸಿಕ್ಕದೆ ಪ್ರಾಣಿ ನಿಂತಲ್ಲೇ ಸಾಯುತ್ತದೆ. 1999ರಿಂದ 2002ರವರೆಗಿನ ಮೂರು ಚಳಿಗಾಲಗಳಲ್ಲಿ ಒಂದು ಕೋಟಿಗೂ ಹೆಚ್ಚು ಪ್ರಾಣಿಗಳು ಸತ್ತವು. 2009-10ರಲ್ಲಿ ದೇಶದ ಹಿಂಡಿನ ಐದರಲ್ಲೊಂದು ಪಾಲು ಹೋಯಿತು. 2023-24ರಲ್ಲಿ ಸತ್ತವು 70 ಲಕ್ಷ ಮೀರಿದವು.

ಎಲ್ಲವನ್ನೂ ಆಕಾಶದ ಮೇಲೆ ಹಾಕುವಂತಿಲ್ಲ. ಹಿಂದೆ ಸಾಮೂಹಿಕ ಸಂಘಗಳಲ್ಲಿದ್ದ ಪ್ರಾಣಿಗಳನ್ನು 1990ರ ದಶಕದ ಆರಂಭದಲ್ಲಿ ಖಾಸಗಿಯವರಿಗೆ ಹಂಚಿದರು. ಕಾರ್ಖಾನೆಗಳು ಮುಚ್ಚಿ ಕೆಲಸ ಕಳೆದುಕೊಂಡವರೂ ಕುರಿ ಕಾಯಲು ಹೊರಟರು. 1990ರಲ್ಲಿ ಎರಡೂವರೆ ಕೋಟಿಯಷ್ಟಿದ್ದ ಹಿಂಡು 2019ಕ್ಕೆ ಏಳು ಕೋಟಿ ಮುಟ್ಟಿತು. ಇದರಲ್ಲಿ ಮೇಕೆಗಳ ಪಾಲು ದೊಡ್ಡದು. ಕಾರಣ ಕ್ಯಾಶ್ಮೀರ್ ಉಣ್ಣೆ. ಅದನ್ನು ಉತ್ಪಾದಿಸುವುದರಲ್ಲಿ ಚೀನದ ನಂತರ ಮಂಗೋಲಿಯವೇ. ಆದರೆ ಮೇಕೆ ಹುಲ್ಲನ್ನು ಬೇರುಸಹಿತ ಕೀಳುತ್ತದೆ. ಪ್ಯಾರಿಸ್, ನ್ಯೂಯಾರ್ಕ್‌ಗಳ ಮೃದುವಾದ ಶಾಲಿಗೆ ಬೆಲೆ ತೆರುತ್ತಿರುವುದು ಈ ಹುಲ್ಲುಗಾವಲು. ಜೊತೆಗೆ ಸಾಲ. ಪ್ರಾಣಿಗಳ ಆಧಾರದ ಮೇಲೆ ಬ್ಯಾಂಕಿನಿಂದ ಪಡೆದ ಸಾಲ, ಪ್ರಾಣಿ ಸತ್ತರೂ ಸಾಯುವುದಿಲ್ಲ.

ಹಿಂಡು ಕಳೆದುಕೊಂಡ ಸಂಸಾರ ಏನು ಮಾಡಬೇಕು? ಡೇರೆ ಬಿಚ್ಚಿ ಲಾರಿಗೆ ಹೇರಿ ರಾಜಧಾನಿಯ ದಾರಿ ಹಿಡಿಯುತ್ತದೆ. ಮಕ್ಕಳ ಓದು, ಆಸ್ಪತ್ರೆ, ಕೂಲಿ ಎಲ್ಲವೂ ಅಲ್ಲಿಯೇ. 1989ರಲ್ಲಿ ಐದೂವರೆ ಲಕ್ಷದಷ್ಟಿದ್ದ ಉಲಾನ್‌ಬಾತರ್‌ನ ಜನಸಂಖ್ಯೆ ಇಂದು ಹದಿನಾರು ಲಕ್ಷ ದಾಟಿದೆ. ಪ್ರತಿಯೊಬ್ಬ ಪೌರನಿಗೂ ರಾಜಧಾನಿಯಲ್ಲಿ 700 ಚದರ ಮೀಟರ್‌ವರೆಗೆ ಜಾಗ ಕೊಡುವ ಕಾನೂನು ಈ ಶತಮಾನದ ಆರಂಭದಲ್ಲಿ ಬಂತು. ಜನ ಗುಡ್ಡಗಳ ಮೇಲೆ ಹಲಗೆಯ ಬೇಲಿ ಹಾಕಿ, ಒಳಗೆ ಅದೇ ಗೆರ್ ನಿಲ್ಲಿಸಿ ನಿವೇಶನ ಮಾಡಿಕೊಂಡರು. ಊರಿನ ಅರ್ಧಕ್ಕಿಂತ ಹೆಚ್ಚು ಜನ ಇಂಥ ಬಡಾವಣೆಗಳಲ್ಲಿದ್ದಾರೆ. ನಲ್ಲಿ ಇಲ್ಲ, ನೀರಿನ ಕಟ್ಟೆಯಿಂದ ಕ್ಯಾನುಗಳಲ್ಲಿ ಹೊತ್ತು ತರಬೇಕು. ಚರಂಡಿ ಇಲ್ಲ, ಗುಂಡಿ ಪಾಯಿಖಾನೆ. ಬಯಲಿನಲ್ಲಿ ಡೇರೆ ಎದ್ದು ಹೋದರೆ ಕಸ ಮಣ್ಣಾಗುತ್ತದೆ. ಇಲ್ಲಿ ಡೇರೆ ಏಳುವುದಿಲ್ಲ.

ಮುಖ್ಯ ಸಂಕಟ ಹೊಗೆಯದು. ಉಲಾನ್‌ಬಾತರ್ ಜಗತ್ತಿನ ಅತ್ಯಂತ ಚಳಿಯ ರಾಜಧಾನಿ. ಜನವರಿಯ ರಾತ್ರಿಗಳಲ್ಲಿ ಉಷ್ಣತೆ ಕೆಲವೊಮ್ಮೆ ಶೂನ್ಯಕ್ಕಿಂತ 40 ಡಿಗ್ರಿ ಕೆಳಗೆ ಇಳಿಯುವುದುಂಟು. ನಡು ಊರಿನ ಕಟ್ಟಡಗಳಿಗೆ ವಿದ್ಯುತ್ ಸ್ಥಾವರಗಳ ಬಿಸಿನೀರು ಕೊಳವೆಗಳಲ್ಲಿ ಬರುತ್ತದೆ. 1990ರ ದಶಕದ ಬಡತನದಲ್ಲಿ ಮನೆಯಿಲ್ಲದ ಮಕ್ಕಳು ಆ ಕೊಳವೆಗಳ ಪಕ್ಕ, ನೆಲದಡಿಯ ಗುಂಡಿಗಳಲ್ಲಿ ಚಳಿಗಾಲ ಕಳೆಯುತ್ತಿದ್ದರು. ಗೆರ್‌ಗಳಿಗೆ ಆ ಬಿಸಿನೀರೂ ಇಲ್ಲ, ಒಲೆಯೇ ಗತಿ. ಬಯಲಿನಲ್ಲಿ ಒಲೆಗೆ ಸಗಣಿಯ ಬೆರಣಿ ಸಾಕಾಗಿತ್ತು. ಇಲ್ಲಿ ಕಲ್ಲಿದ್ದಲು. ಸುತ್ತ ಬೆಟ್ಟ, ತಣ್ಣನೆಯ ಗಾಳಿ ಕಣಿವೆಯ ತಳದಲ್ಲಿ ಕೂತುಬಿಡುತ್ತದೆ. ಲಕ್ಷಗಟ್ಟಲೆ ಒಲೆಗಳ ಹೊಗೆ ಮೇಲೇಳಲಾರದೆ ಅಲ್ಲೇ ಕವಿಯುತ್ತದೆ. ನ್ಯುಮೋನಿಯಾ ಮಕ್ಕಳನ್ನು ಕಾಡುತ್ತದೆ. ನೀಲಿ ಆಕಾಶವನ್ನು ದೇವರೆಂದ ಜನರ ಮಕ್ಕಳು ಚಳಿಗಾಲದ ಬೆಳಗಿನಲ್ಲಿ ಆಕಾಶ ನೋಡಲಾರರು.

ಸರಕಾರ ಕೈಕಟ್ಟಿ ಕೂತಿಲ್ಲ. 2017ರ ಜನವರಿಯಿಂದ ಕೆಲವು ವರ್ಷ ರಾಜಧಾನಿಗೆ ಹೊಸ ವಲಸೆಯನ್ನೇ ನಿಷೇಧಿಸಿತು. ಬಂದವರು ಬಂದೇ ಬಂದರು. ನೋಂದಣಿ ಇಲ್ಲದ್ದರಿಂದ ಸರಕಾರಿ ಸೌಲಭ್ಯಗಳು ತಪ್ಪಿದವು, ಅಷ್ಟೇ. 2019ರ ಮೇ ತಿಂಗಳಲ್ಲಿ ಹಸಿ ಕಲ್ಲಿದ್ದಲನ್ನು ಸುಡಬಾರದೆಂದು ಹೇಳಿ ಸಂಸ್ಕರಿಸಿದ ಉಂಡೆಗಳನ್ನು ಕೊಟ್ಟಿತು. ಹೊಸ ಇಂಧನದ ರೀತಿ ತಿಳಿಯದೆ ಮೊದಲ ತಿಂಗಳುಗಳಲ್ಲಿ ವಿಷಾನಿಲಕ್ಕೆ ಸಿಕ್ಕಿ ಸತ್ತವರೂ ಇದ್ದಾರೆ. ಹೊಗೆ ಮೊದಲಿನಷ್ಟು ಕಪ್ಪಾಗಿಲ್ಲ, ಆದರೆ ಹೋಗಿಲ್ಲ.

ಹಣವಿಲ್ಲವೆಂದಲ್ಲ. ಗೋಬಿಯ ಓಯು ತೊಲ್ಗೊಯ್‌ನಲ್ಲಿ ತಾಮ್ರ ಮತ್ತು ಚಿನ್ನದ ಭಾರಿ ಗಣಿ ಇದೆ. ಅದರಲ್ಲಿ ಸರಕಾರದ ಪಾಲು ನೂರಕ್ಕೆ 34. ಕಲ್ಲಿದ್ದಲನ್ನು ಚೀನಕ್ಕೆ ಸಾಲುಸಾಲು ಲಾರಿಗಳು ಹೊರುತ್ತವೆ. ಈ ಸಂಪತ್ತು ಎಲ್ಲಿಗೆ ಹೋಗುತ್ತಿದೆ ಎಂಬುದೇ ಜನರ ಪ್ರಶ್ನೆ. 2022ರ ಡಿಸೆಂಬರ್‌ನಲ್ಲಿ, ಕಲ್ಲಿದ್ದಲು ಕಳವಾಗಿದೆ ಎಂಬ ಆರೋಪದ ಮೇಲೆ ಜನ ಕೊರೆಯುವ ಚಳಿಯಲ್ಲಿ ಸುಖ್‌ಬಾತರ್ ಚೌಕದಲ್ಲಿ ಸೇರಿದರು. 2025ರ ಜೂನ್‌ನಲ್ಲಿ ಮತ್ತೊಂದು ಪ್ರತಿಭಟನೆಯ ನಂತರ ಪ್ರಧಾನಿಯೇ ಅಧಿಕಾರ ಬಿಡಬೇಕಾಯಿತು. 1990ರಲ್ಲಿ ಆ ಚೌಕದಲ್ಲಿ ಕಲಿತದ್ದನ್ನು ಜನ ಮರೆತಿಲ್ಲ.

ಈಗ ಮತ್ತೊಂದು ಯೋಜನೆ ಕೇಳಿಬರುತ್ತಿದೆ. ಒಗೆದೆಯಿ ಗೋಡೆ ಕಟ್ಟಿಸಿದ, ಬೆಳ್ಳಿಯ ಮರವಿದ್ದ ಆ ಓರ್ಖೋನ್ ಕಣಿವೆಯಲ್ಲಿ ‘ಹೊಸ ಖಾರ್‌ಖೋರಿನ್’ ನಗರ ಕಟ್ಟಲು ಅಧ್ಯಕ್ಷರು 2022ರ ಕೊನೆಯಲ್ಲಿ ಆದೇಶ ಹೊರಡಿಸಿದ್ದಾರೆ. ರಾಜಧಾನಿಯನ್ನು ಅಲ್ಲಿಗೆ ಒಯ್ಯುವ ಮಾತೂ ಇದೆ. ಉಲಾನ್‌ಬಾತರ್‌ನಿಂದ ಅಲ್ಲಿಗೆ 350 ಕಿ.ಮೀ.ಗೂ ಹೆಚ್ಚು ದೂರ. 1778ಕ್ಕೆ ಮೊದಲಾಗಿದ್ದರೆ ಒಂಟೆಗಳಿಗೆ ಹೇರಿ ಹೊರಟುಬಿಡಬಹುದಿತ್ತು. ಈಗ ವಿದ್ಯುತ್ ಸ್ಥಾವರ, ಕೊಳವೆ, ರೈಲು, ಸಚಿವಾಲಯ, ವಿಶ್ವವಿದ್ಯಾಲಯಗಳು ಬೇರು ಬಿಟ್ಟಿವೆ. ಗುಡ್ಡದ ಮೇಲಿನ ಗೆರ್‌ಗಳವರನ್ನು ಮಾತ್ರ, ಮುಂದಿನ ಚಳಿಗಾಲಕ್ಕೆ ಅಲ್ಲಿ ಮೇವಿದೆಯೇ, ಶಾಲೆಯಿದೆಯೇ ಎಂಬುದು ಖಾತ್ರಿಯಾದರೆ, ಹೊರಡಿಸುವುದು ಕಷ್ಟವಾಗಲಿಕ್ಕಿಲ್ಲ.